ಬಹುದು, ತಕ್ಕದ್ದು

ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಹಳೇ ಫೈಲ್ ಇದೆ. ದಾರ ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಅದರ ಮೊದಲನೇ ಹಾಳೆ ನಾನು 1998ರಲ್ಲಿ ಬರೆದ ಮನವಿ ಪತ್ರದ ಕಾರ್ಬನ್ ಕಾಪಿ. ಬೆಂಗಳೂರಿನ ಶ್ರೀರಾಮಪುರದ ಕಡೆ ರೈಲು ಹಳಿ ಪಕ್ಕದ ಒಂದು ಕೇರಿಗೆ ಎರಡು ಬೀದಿ ನಲ್ಲಿ ಬೇಕು ಅನ್ನುವುದು ವಿಷಯ. ಮೊನ್ನೆ ತೆಗೆದು ಸುಮ್ನೆ ಎಣಿಸಿದೆ. ಒಂದೂವರೆ ಪುಟದಲ್ಲಿ "ವಿನಮ್ರವಾಗಿ" ಮೂರು ಸಲ, "ಕೈ ಮುಗಿದು" ಎರಡು ಸಲ, "ದಯಾಳುಗಳಾದ ತಾವು" ಒಂದು ಸಲ ಬಂದಿದೆ. ನಲ್ಲಿಯ ಮಾತು ಬರುವುದು ಎರಡನೇ ಪುಟದಲ್ಲಿ.

ಆಗ ನನಗೆ 23 ವರ್ಷ. ಸಂಜೆ ಆ ಕೇರಿಯ ಮಕ್ಕಳಿಗೆ ಪಾಠ ಹೇಳುವುದಕ್ಕೆ ಒಂದು ಸಣ್ಣ ಸಂಸ್ಥೆ ತಿಂಗಳಿಗೆ 1,800 ರೂಪಾಯಿ ಕೊಡುತ್ತಿತ್ತು. ನನ್ನ ಅಕ್ಷರ ದುಂಡಗಿದೆ ಅಂತ ಅರ್ಜಿ ಬರೆಯುವ ಕೆಲಸವೂ ನನ್ನ ತಲೆಗೇ ಬಂತು.

ಬೆಳಗ್ಗೆ ಏಳು ಗಂಟೆಗೇ ಶಾಸಕರೊಬ್ಬರ ಮನೆಗೆ ಹೋದೆವು. ಕೇರಿಯ ಹತ್ತು ಹೆಂಗಸರು ಮತ್ತು ನಾನು. ಅವರು ಕಾಫಿ ಕುಡಿಯುತ್ತಲೇ ಪತ್ರ ತಗೊಂಡರು. ಓದಲಿಲ್ಲ. ಎಡಗಡೆ ಮೂಲೆಯಲ್ಲಿ ಏನೋ ಗೀಚಿ ಸಹಿ ಹಾಕಿದರು. ಗೇಟಿನ ಹೊರಗೆ ನಿಂತು ಒಬ್ಬರ ಮೇಲೊಬ್ಬರು ಬಗ್ಗಿ ಓದಿದೆವು: "ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಿ." ನಮಗೆ ಎಷ್ಟು ಖುಷಿಯಾಯಿತು ಅಂದರೆ, ದಾರಿಯ ದರ್ಶಿನಿಯಲ್ಲಿ ಎಲ್ಲರೂ ದುಡ್ಡು ಹಾಕಿ ಕೇಸರಿಬಾತ್ ತಿಂದೆವು.

ಆ ಷರಾದ ಅರ್ಥ ಗೊತ್ತಾಗಲು ನನಗೆ ಮೂರು ವರ್ಷ ಬೇಕಾಯಿತು. ನಿಯಮ ಇದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ, ನನ್ನನ್ನು ಇದಕ್ಕೆ ಎಳೆಯಬೇಡಿ. ಇಷ್ಟೇ ಅರ್ಥ. ಷರಾಗಳಲ್ಲೂ ದರ್ಜೆ ಇದೆ. "ಮಾತನಾಡಿ" ಅಂತ ಬರೆದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. "ಕ್ರಮ ಕೈಗೊಂಡು ವರದಿ ಮಾಡಿ" ಅಂತ ಬರೆದು ಕೆಳಗೆ ತಾರೀಖೂ ಹಾಕಿದರೆ ಅವತ್ತು ಕೇಸರಿಬಾತ್ ತಿನ್ನಬಹುದು.

ನಲ್ಲಿ ಬರಲಿಲ್ಲ. ನಾನು ಪತ್ರದ ಮೇಲೆ ಪತ್ರ ಬರೆದೆ. ಕೊನೆಗೊಂದು ದಿನ ಒಂದು ಕಚೇರಿಯ ಹಿರಿಯ ಗುಮಾಸ್ತರು ಪಾಪ ಅನ್ನಿಸಿ ನನ್ನನ್ನು ಕೂರಿಸಿಕೊಂಡರು. ಡ್ರಾಯರ್‌ನಿಂದ ಒಂದು ಪುಸ್ತಕ ತೆಗೆದರು. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆ. ಅದರ 3ನೇ ಪ್ರಕರಣದ ಮೇಲೆ ಬೆರಳಿಟ್ಟರು. ಒಂದು ಜಾಗ ಕೊಳಚೆ ಪ್ರದೇಶ ಅಂತ ಮನವರಿಕೆಯಾದರೆ ಅದನ್ನು ಹಾಗೆಂದು ಘೋಷಿಸಬಹುದು. ನಮ್ಮ ಕೇರಿ ಘೋಷಣೆಯೇ ಆಗಿರಲಿಲ್ಲ. ಕಾಗದದ ಲೆಕ್ಕದಲ್ಲಿ ಅಲ್ಲಿ ಯಾರೂ ವಾಸ ಇಲ್ಲ. ಯಾರೂ ಇಲ್ಲದ ಕಡೆ ನಲ್ಲಿ ಯಾಕೆ?

"ಇಲ್ಲಿ ನೋಡಮ್ಮ, 'ಬಹುದು' ಅಂತಿದೆ" ಅಂದರು ಗುಮಾಸ್ತರು. "ತಕ್ಕದ್ದು ಅಂತ ಇದ್ದಿದ್ದರೆ ನಿಮ್ಮ ಹತ್ತು ಜನಕ್ಕೂ ನಾನೇ ಕುರ್ಚಿ ಹಾಕಿಸ್ತಿದ್ದೆ."

ತಕ್ಕದ್ದು. ಮನೆಯಲ್ಲಿ ಯಾರೂ ಆಡದ ಪದ. ಮಗ ತಟ್ಟೆ ತೊಳೆಯತಕ್ಕದ್ದು ಅಂತ ಯಾವ ತಾಯಿಯೂ ಹೇಳುವುದಿಲ್ಲ. ನಾನು ಆವರೆಗೆ ಅದನ್ನು ಪರೀಕ್ಷಾ ಹಾಲ್‌ನ ಗೋಡೆ ಮೇಲಿನ ಸೂಚನೆಯಲ್ಲಿ ಮಾತ್ರ ನೋಡಿದ್ದೆ. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ತಲೆಯೊಳಗೆ ಅದೇ ಓಡುತ್ತಿತ್ತು. ನಾನು ಇಷ್ಟು ದಿನ ದಯೆ ಕೇಳುತ್ತಿದ್ದೆ. ಕೇಳಬೇಕಾದದ್ದು ಒಂದು ಕ್ರಿಯಾಪದದ ಕೊನೆಯನ್ನು.

ಅಲ್ಲಿಂದ ಇಲ್ಲಿಯವರೆಗೆ ನಾನು ಮಾಡಿರುವ ಕೆಲಸ ಏನು ಅಂತ ನಮ್ಮ ನೆಂಟರಿಗೆ ಇವತ್ತಿಗೂ ಗೊತ್ತಿಲ್ಲ. "ಎನ್‌ಜಿಒದಲ್ಲಿ ಇದಾಳೆ" ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಇದಾಳೆ ಅನ್ನುವ ಧಾಟಿಯಲ್ಲಿ. ನಾನು ಹೇಳುವುದಾದರೆ: ಮನೆಗೆಲಸದವರು, ಗಾರ್ಮೆಂಟ್ಸ್‌ನವರು, ಬೀದಿ ವ್ಯಾಪಾರದವರು, ಈಗೀಗ ಡೆಲಿವರಿ ಹುಡುಗರು, ಇವರ ಜೊತೆ ಕೂತು ಕಾಯ್ದೆ ಓದುತ್ತೇನೆ. ಓದಿದ ಮೇಲೆ ಅದನ್ನು ಯಾರ ಹತ್ತಿರ, ಯಾವಾಗ, ಎಷ್ಟು ನಿಮಿಷ ಮಾತಾಡಬೇಕು ಅಂತ ಅಭ್ಯಾಸ ಮಾಡಿಸುತ್ತೇನೆ.

"ಯಾವಾಗ" ಅನ್ನುವುದನ್ನು ನಾನು ಕಲಿತದ್ದು ಜನರ ಖರ್ಚಿನಲ್ಲಿ. ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ವೇತನದ ಕರಡು ಒಂದು ಸಲ ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್‌ನಲ್ಲಿ, ಬಂದಿತ್ತು. ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯ ಪ್ರಕಾರ ಹೀಗೆ ಕರಡು ಹೊರಡಿಸಿದರೆ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಸಮಯ ಕೊಡಬೇಕಿತ್ತು. ನಾನು ಜೋರಾಗಿ ಕೆಲಸ ಶುರು ಮಾಡಿದೆ. ಪೀಣ್ಯದ ಕಡೆ, ಮೈಸೂರು ರಸ್ತೆ ಕಡೆ ಸಭೆ ಮಾಡಿದೆವು. ಬಾಡಿಗೆ ಎಷ್ಟು, ಅಕ್ಕಿ ಎಷ್ಟು, ಮಕ್ಕಳ ಫೀಸು ಎಷ್ಟು ಅಂತ ಮನೆಮನೆ ಲೆಕ್ಕ ಬರೆಸಿದೆವು. ಭಾನುವಾರ ಒಂದೇ ರಜೆ ಇರುವ ಹೆಂಗಸರು ಆ ರಜೆಯನ್ನು ನಮಗೆ ಕೊಟ್ಟರು. ಚೆಂದದ ಆಕ್ಷೇಪಣೆ ತಯಾರಾಯಿತು. ತಗೊಂಡು ಹೋಗಿ ಕೊಟ್ಟಾಗ ಟಪಾಲು ವಿಭಾಗದ ಹುಡುಗ ತಾರೀಖು ನೋಡಿ, ಸೀಲ್ ಹಾಕಿ, "ಹಾಕ್ತೀನಿ ಮೇಡಂ, ಆದ್ರೆ ಅವಧಿ ಮುಗಿದು ಎಂಟು ದಿನ ಆಯ್ತಲ್ಲ" ಅಂದ. ನಾನು ದಿನ ಎಣಿಸಿದ್ದು ನಮ್ಮ ಕೈಗೆ ಪ್ರತಿ ಸಿಕ್ಕ ದಿನದಿಂದ. ಎಣಿಸಬೇಕಾಗಿದ್ದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ. ಎಂಥ ದಡ್ಡತನ ಅಲ್ವಾ? ಆ ಭಾನುವಾರಗಳನ್ನು ನಾನು ಅವರಿಗೆ ವಾಪಸ್ ಕೊಡಲು ಆಗಲಿಲ್ಲ. ಅವರು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಮೇಲೆ ನಾನು ವಿಧಾನಸೌಧವನ್ನು ಸರಿಯಾಗಿ ನೋಡಲು ಶುರು ಮಾಡಿದೆ. ಹೊರಗಿನಿಂದ ಎಲ್ಲರೂ ನೋಡಿರುತ್ತೇವೆ. ಕೆಂಗಲ್ ಹನುಮಂತಯ್ಯನವರ ಕಾಲದ ಕನಸು, 1956ಕ್ಕೆ ಮುಗಿದ ಕಟ್ಟಡ, ಭಾನುವಾರ ದೀಪ ಹಾಕಿದರೆ ಎದುರಿಗೆ ಫೋಟೋ ತೆಗೆಸಿಕೊಳ್ಳುವವರ ಸಾಲು. ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕೆತ್ತಿದೆ. ಆ ಸಾಲನ್ನು ಬರೆಸಿದವರು ನೌಕರರಿಗೆ ಹೇಳಿದ್ದು ಅಂತ ನನ್ನ ನಂಬಿಕೆ. ಓದುವ ಜನ ಮಾತ್ರ ದೇವರ ಗುಡಿಗೆ ಬಂದ ಹಾಗೆ ಚಪ್ಪಲಿ ಬಿಡುವುದೊಂದು ಬಾಕಿ. ಮೊದಲ ಸಲ ಒಳಗೆ ಕರೆದುಕೊಂಡು ಹೋದಾಗ ಒಬ್ಬ ಅಜ್ಜಿ ನಿಜವಾಗಿಯೂ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಒಳಗೆ ನಡೆಯುವುದು ಬೇರೆ ತರಹದ ಕೆಲಸ. ವಿಧಾನಸಭೆಯಲ್ಲಿ 224 ಜನ ಚುನಾಯಿತರು, ಮೇಲ್ಮನೆಯಲ್ಲಿ 75. ನಮ್ಮ ಕ್ಷೇತ್ರದ ಶಾಸಕರು ಒಬ್ಬರು ಕಿವಿಗೊಡದಿದ್ದರೆ ಕಥೆ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ಮೇಲ್ಮನೆಯಲ್ಲಿ ಪದವೀಧರರಿಂದ 7, ಶಿಕ್ಷಕರಿಂದ 7 ಜನ ಆರಿಸಿ ಬರುತ್ತಾರೆ, 11 ಜನ ನಾಮನಿರ್ದೇಶನಗೊಳ್ಳುತ್ತಾರೆ ಅನ್ನುವುದು ತುಂಬಾ ಜನರಿಗೆ ಗೊತ್ತೇ ಇಲ್ಲ. ಒಂದು ಪ್ರಶ್ನೆ ಕೇಳಿಸಲು ಅವರಲ್ಲಿ ಒಬ್ಬರು ಸಾಕು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಉಪಪ್ರಶ್ನೆಯನ್ನೂ ತಡೆದುಕೊಳ್ಳಬೇಕು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಜನಕ್ಕೆ ಚುಕ್ಕೆ ಪ್ರಶ್ನೆ ಇಷ್ಟ, ಟೀವಿಯಲ್ಲಿ ಬರುತ್ತದಲ್ಲ. ನನಗೆ ಚುಕ್ಕೆ ಇಲ್ಲದ್ದೇ ಇಷ್ಟ. ಅದರಲ್ಲಿ ಅಂಕಿಸಂಖ್ಯೆ ಸಿಗುತ್ತದೆ, ಅದು ಸದನದ ದಾಖಲೆ, ನಾಳೆ ಯಾರೂ ಹಾಗೆ ಹೇಳಿಲ್ಲ ಅನ್ನುವ ಹಾಗಿಲ್ಲ. ಇನ್ನೊಂದಿದೆ, ಸರ್ಕಾರಿ ಭರವಸೆಗಳ ಸಮಿತಿ. ಮಂತ್ರಿ ಸದನದಲ್ಲಿ "ಮಾಡುತ್ತೇವೆ" ಅಂದದ್ದನ್ನು ಆಮೇಲೆ ಮಾಡಿದರಾ ಅಂತ ಕೇಳುವುದೇ ಅದರ ಕೆಲಸ. ರಸ್ತೆ ಮೇಲೆ ಮುನ್ನೂರು ಜನರ ಮುಂದೆ ಮೈಕ್ ಹಿಡಿದು ಕೊಟ್ಟ ಭರವಸೆಗೆ ಈ ಸಮಿತಿ ಇಲ್ಲ. ಸದನದೊಳಗೆ ಆಡಿದ ಒಂದು ಸಾಲಿಗೆ ಇದೆ. ಫ್ರೀಡಂ ಪಾರ್ಕ್‌ನಲ್ಲಿ ನಾನು ಕಳೆದ ಬಿಸಿಲಿನ ಗಂಟೆಗಳನ್ನು ಹೀಯಾಳಿಸುತ್ತಿಲ್ಲ. ಕೂಗದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ, ಅದೂ ಗೊತ್ತು. ತಿರುಗಿ ನೋಡಿದ ಮೇಲೆ ಕೈಯಲ್ಲಿ ಏನಿದೆ ಅನ್ನುವುದು ನನ್ನ ಕೆಲಸ.

ತರಗತಿ ನಡೆಯುವುದು ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಅಂಗನವಾಡಿ, ದೇವಸ್ಥಾನದ ಜಗುಲಿ, ಒಮ್ಮೆ ಬಾಗಿಲು ಹಾಕಿದ್ದ ಬಿರಿಯಾನಿ ಅಂಗಡಿ. ಎಲ್ಲರಿಗೂ ಇಷ್ಟವಾದ ಪಾಠ ಅಂದರೆ "ಶಾಸಕರ ಆಟ". ಒಬ್ಬರು ಶಾಸಕರಾಗಬೇಕು. ಉಳಿದವರು ಎರಡು ನಿಮಿಷದಲ್ಲಿ ವಿಷಯ ಹೇಳಿ ಮುಗಿಸಬೇಕು. ಶಾಸಕರಾದವರು ನಡುವೆ ಫೋನ್ ಎತ್ತಬೇಕು, ಕಾಫಿ ತರಿಸಬೇಕು, ಯಾರನ್ನೋ ನೋಡಿ "ಏನಪ್ಪಾ, ಮದುವೆ ಆಯ್ತಾ?" ಅನ್ನಬೇಕು. ಮನೆಗೆಲಸ ಮಾಡುವ ಒಬ್ಬ ಹೆಂಗಸು ಈ ಪಾತ್ರದಲ್ಲಿ ಎಂಥ ಪಳಗಿದ ಕೈ ಅಂದರೆ, ಮನವಿ ಪತ್ರವನ್ನು ತಲೆಕೆಳಗಾಗಿ ಹಿಡಿದು ಓದುವ ಹಾಗೆ ಮಾಡಿ, "ಎಲ್ಲಾ ನಮ್ಮವರೇ, ಮಾಡಿಸೋಣ" ಅನ್ನುತ್ತಿದ್ದರು. ನಕ್ಕು ನಕ್ಕು ಸಾಕಾಗುತ್ತಿತ್ತು. ಆಟದ ನಿಯಮ ಒಂದೇ: "ಮಾಡಿಸೋಣ" ಅಂದ ಕೂಡಲೇ ಎದ್ದು ಬರಬಾರದು. "ಯಾವ ಅಧಿವೇಶನದಲ್ಲಿ ಸರ್?" ಅಂತ ಕೇಳಬೇಕು. ಇಷ್ಟು ಕೇಳುವುದಕ್ಕೆ ಕೆಲವರಿಗೆ ಆರು ತಿಂಗಳು ಬೇಕಾಗುತ್ತದೆ. ನಾಲಿಗೆ ಏಳುವುದಿಲ್ಲ. ಹುಟ್ಟಿದಾಗಿನಿಂದ "ಬುದ್ಧಿ", "ಸ್ವಾಮಿ" ಅಂದು ಅಭ್ಯಾಸವಾದ ನಾಲಿಗೆ.

ಎರಡನೇ ಪಾಠ, ಕೆಂಪು ಪೆನ್ಸಿಲು ನೀಲಿ ಪೆನ್ಸಿಲು. ಕಾಯ್ದೆಯ ಒಂದು ಪುಟ ಕೊಡುತ್ತೇನೆ. "ಬಹುದು" ಬಂದ ಕಡೆ ಕೆಂಪು ಗೆರೆ, "ತಕ್ಕದ್ದು" ಬಂದ ಕಡೆ ನೀಲಿ. ಓದು ಬಾರದವರೂ ಪಕ್ಕದವರು ಓದುವುದನ್ನು ಕೇಳಿ ಗೆರೆ ಹಾಕುತ್ತಾರೆ, ಯಾಕೆಂದರೆ ಎರಡೂ ವಾಕ್ಯದ ಕೊನೆಯಲ್ಲಿ ಬರುತ್ತವೆ, ಕಿವಿಗೆ ಸುಲಭ. ಕಾನೂನು ಓದಿದ ಹುಡುಗರು ಕೆಲವರು ಬಂದು ಇದು ತುಂಬಾ ಸರಳ ಮಾಡಿದ ಹಾಗಾಯಿತು, ಕೋರ್ಟುಗಳು ಕೆಲವು ಸಲ ಬಹುದನ್ನೂ ತಕ್ಕದ್ದು ಅಂತ ಓದುತ್ತವೆ ಅಂದರು. ಸರಿ. ನೀವು ಕೋರ್ಟಿಗೆ ಹೋದಾಗ ಹಾಗೆ ವಾದ ಮಾಡಿ, ನಾವು ಇನ್ನೂ ಕೌಂಟರ್ ಮುಂದೆ ನಿಂತಿದ್ದೇವೆ ಅಂದೆ.

ಗೆರೆ ಹಾಕುವಾಗ ನಾನು ಹೇಳುವ ಕಥೆ 7ಡಿ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಅಂತ ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತು. ಈ ಸಮುದಾಯಗಳಿಗೆ ಬಜೆಟ್‌ನಲ್ಲಿ ಜನಸಂಖ್ಯೆಯ ಅಳತೆಗೆ ತಕ್ಕ ಹಣ ಇಡಬೇಕು, ಅವರಿಗೇ ಖರ್ಚು ಮಾಡಬೇಕು. ಒಳ್ಳೆಯ ಕಾಯ್ದೆ. ಅದರೊಳಗೆ 7ನೇ ಪ್ರಕರಣದ ಡಿ ಅಂತ ಒಂದು ಸಣ್ಣ ಕಿಂಡಿ. ಎಲ್ಲರೂ ಓಡಾಡುವ ರಸ್ತೆಯಂಥ ಕಾಮಗಾರಿಯಲ್ಲೂ ಒಂದು ಪಾಲನ್ನು ಇವರಿಗೇ ಖರ್ಚಾಯಿತು ಎಂದು ಭಾವಿಸುವ ಅವಕಾಶ. ನೋಡಿ, ಇದೊಂದು ಪದ, ಭಾವಿಸುವುದು! ಮನೆಗೆ ಅಕ್ಕಿ ತರದೆ ತಂದಿದ್ದೇನೆ ಎಂದು ಭಾವಿಸಿದರೆ ಅನ್ನ ಆಗುತ್ತದಾ ಅಂತ ಒಬ್ಬರು ಕೇಳಿದರು. ದಲಿತ ಸಂಘಟನೆಗಳು ವರ್ಷಗಟ್ಟಲೆ ಆ ಒಂದು ಉಪಪ್ರಕರಣದ ಬೆನ್ನು ಹತ್ತಿದವು. ಗೋಡೆ ಬರಹದಲ್ಲಿ, ಕರಪತ್ರದಲ್ಲಿ, ಭಾಷಣದಲ್ಲಿ ಬರೀ "7ಡಿ ರದ್ದು ಮಾಡಿ". 2023ರಲ್ಲಿ ಅದನ್ನು ಕಾಯ್ದೆಯಿಂದ ತೆಗೆದರು. ನಾನು ಆ ಹೋರಾಟದ ಮುಂದಿನ ಸಾಲಿನಲ್ಲಿ ಇರಲಿಲ್ಲ, ಜಂಬ ಕೊಚ್ಚುವ ಹಕ್ಕು ನನಗಿಲ್ಲ. ಆದರೆ ಒಂದು ಇಡೀ ಚಳವಳಿ ಒಂದು ಅಕ್ಷರವನ್ನು ಹೆಸರಿಟ್ಟು ಕರೆದದ್ದು ನನಗೆ ತುಂಬಾ ಹಿಡಿಸಿತು.

ಡೆಲಿವರಿ ಹುಡುಗರ ತರಗತಿ ಇದಕ್ಕೆಲ್ಲ ತಲೆಕೆಳಗು. ಗಿಗ್ ಕಾರ್ಮಿಕರ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರ, ಮಸೂದೆಯ ಕರಡನ್ನು ಸರ್ಕಾರ 2024ರ ಜೂನ್ ಕೊನೆಯಲ್ಲಿ ಹೊರಗೆ ಬಿಟ್ಟಿತು. ಅಭಿಪ್ರಾಯ ಹೇಳಲು ಕೆಲವೇ ದಿನ. ಹುಡುಗರು ಸಿಗುವುದು ಮಧ್ಯಾಹ್ನ ಮೂರರಿಂದ ಐದು, ಊಟದ ಆರ್ಡರ್ ಮುಗಿದು ಸಂಜೆಯದ್ದು ಶುರುವಾಗುವ ಮೊದಲು. ಕೋರಮಂಗಲದ ಒಂದು ಮರದ ಕೆಳಗೆ, ಬೈಕಿನ ಸೀಟುಗಳ ಮೇಲೆ ಕರಡು ಹರಡಿಕೊಂಡು ಓದಿದೆವು. ಪ್ರತಿ ಐದು ನಿಮಿಷಕ್ಕೆ ಯಾರದೋ ಫೋನ್ ಕೂಗುತ್ತಿತ್ತು, ಅವನು ಬ್ಯಾಗ್ ಏರಿಸಿ ಹೊರಟುಬಿಡುತ್ತಿದ್ದ. ವಾಕ್ಯ ಒಬ್ಬನ ಬಾಯಲ್ಲಿ ಶುರುವಾಗಿ ಇನ್ನೊಬ್ಬನ ಬಾಯಲ್ಲಿ ಮುಗಿಯುತ್ತಿತ್ತು. ಪ್ರತಿ ವಹಿವಾಟಿನ ಮೇಲೆ ಕಲ್ಯಾಣ ಶುಲ್ಕ ಅನ್ನುವುದಕ್ಕೆ ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. ಕೆಲಸದಿಂದ ತೆಗೆಯುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಅನ್ನುವ ಸಾಲಿಗೆ ಬಂದಾಗ ಎಲ್ಲರೂ ಸುಮ್ಮನಾದರು. "ನಂಗೆ ಐಡಿ ಬ್ಲಾಕ್ ಆಗಿದ್ದು ಗೊತ್ತಾಗಿದ್ದೇ ಬೆಳಗ್ಗೆ ಆ್ಯಪ್ ಓಪನ್ ಮಾಡಿದಾಗ" ಅಂದ ಒಬ್ಬ. "ಅದನ್ನೇ ಬರಿ, ಈ ಸಾಲು ತೆಗೆಯಬೇಡಿ ಅಂತ ಬರಿ" ಅಂದೆ. ಇರುವುದನ್ನು ಉಳಿಸಿ ಅಂತಲೂ ಬರೆಯಬೇಕಾಗುತ್ತದೆ ಅನ್ನುವುದು ಅವನಿಗೆ ಆಶ್ಚರ್ಯ. 2025ರಲ್ಲಿ ಮೊದಲು ಸುಗ್ರೀವಾಜ್ಞೆ ಬಂತು, ಆಮೇಲೆ ಕಾಯ್ದೆಯೂ ಆಯಿತು. 14 ದಿನ ಉಳಿದಿದೆ.

ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ, ಬರೆದರೆ ಹೊಟ್ಟೆ ಉರಿಯುತ್ತದೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕಾಯಿತು. ಶಾಲೆಗೆ ಬೆಂಚು ಕೇಳಿ, ಸಿಗುತ್ತದೆ. ಬೆಂಚಿನ ಮೇಲೆ ಕಂಪನಿಯ ಹೆಸರು ಬರೆಯಬಹುದು. ಕಾಯ್ದೆ ಓದಿಸುವುದಕ್ಕೆ ಕೇಳಿದರೆ "ಮೇಡಂ, ಇದು ಸ್ವಲ್ಪ ಪೊಲಿಟಿಕಲ್ ಆಗುತ್ತಲ್ವಾ?" ಇನ್ನು ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದು, ಒಂದು ಸಂಸ್ಥೆ ತನಗೆ ಬಂದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ ಅಂತಾಯಿತು. ನಮ್ಮಂಥ ಸಣ್ಣ ಸಂಸ್ಥೆಗಳು ಬದುಕಿದ್ದೇ ಹಾಗೆ ದಾಟಿ ಬಂದ ದುಡ್ಡಿನಲ್ಲಿ. ಆ ವರ್ಷ ನಾಲ್ಕು ಜನರಿದ್ದ ನಮ್ಮ ಕಚೇರಿ ಇಬ್ಬರದ್ದಾಯಿತು. ಉಳಿದ ಇಬ್ಬರು ಜಾಸ್ತಿ ಕಾಫಿ ಕುಡಿಯಲು ಶುರು ಮಾಡಿದೆವು.

ಅದೇ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿಯೂ ಮುಗಿಯಿತು. 198 ವಾರ್ಡ್‌ಗಳ ಕಾರ್ಪೊರೇಟರ್‌ಗಳು ಮನೆಗೆ ಹೋದರು, ಹೊಸಬರು ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಈ ಐದು ವರ್ಷ ಚರಂಡಿ ಕಟ್ಟಿಕೊಂಡರೂ ಜನ ಶಾಸಕರ ಹತ್ತಿರವೇ ಹೋಗಬೇಕಿತ್ತು. ಕಾಯ್ದೆ ಮಾಡಬೇಕಾದವರ ಹತ್ತಿರ ಚರಂಡಿಯ ಪಟ್ಟಿ, ಚರಂಡಿ ನೋಡಬೇಕಾದವರು ಇರಲೇ ಇಲ್ಲ. ತರಗತಿಯಲ್ಲಿ "ಯಾರ ಹತ್ತಿರ" ಅನ್ನುವ ಪಾಠವನ್ನು ನಾನು ಪದೇ ಪದೇ ಅಳಿಸಿ ಬರೆಯುತ್ತಿದ್ದೇನೆ.

ರಾತ್ರಿ ನಿದ್ದೆ ಬಾರದಾಗ ಒಂದು ಪ್ರಶ್ನೆ ಕಾಡುತ್ತದೆ. ನಾನು ಈ ಜನಕ್ಕೆ ಹಕ್ಕು ಕೇಳುವುದನ್ನು ಕಲಿಸಿದೆನಾ, ಇಲ್ಲಾ ಚೆನ್ನಾಗಿ ಕಾಯುವುದನ್ನು ಕಲಿಸಿದೆನಾ? ಮೊದಲು ಸಿಟ್ಟು ಬಂದರೆ ರಸ್ತೆಗೆ ಇಳಿಯುತ್ತಿದ್ದವರು ಈಗ "ಮೂವತ್ತು ದಿನ ಆಗ್ಲಿ ಅಕ್ಕಾ, ಮಾಹಿತಿ ಹಕ್ಕಿನ ಉತ್ತರ ಬರ್ಲಿ" ಅನ್ನುತ್ತಾರೆ. ಕೇಳಿದಾಗ ಹೆಮ್ಮೆ ಆಗುತ್ತದೆ. ಭಯವೂ ಆಗುತ್ತದೆ.

ನಮ್ಮ ತರಗತಿಗೆ ಬರುತ್ತಿದ್ದ ಒಬ್ಬ ಹೂವಿನ ಅಕ್ಕ ಇದ್ದಾರೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನಲ್ಲಿ ಮಲ್ಲಿಗೆ, ಕನಕಾಂಬರ ಕೊಂಡು, ಒಂದು ದೇವಸ್ಥಾನದ ರಸ್ತೆಯಲ್ಲಿ ಮೊಳ ಹಾಕಿ ಮಾರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಗೆ ಗೆರೆ ಹಾಕುವಾಗ ಅವರ ಪುಟ ತುಂಬಾ ನೀಲಿ. ಎಲ್ಲಾ ವ್ಯಾಪಾರಿಗಳ ಸಮೀಕ್ಷೆ ಮಾಡತಕ್ಕದ್ದು, ಐದು ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡತಕ್ಕದ್ದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸತಕ್ಕದ್ದಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರತಕ್ಕದ್ದು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅವರಿಗೆ ತುಂಬಾ ಇಷ್ಟವಾದದ್ದು 19ನೇ ಪ್ರಕರಣ. ಸರಕು ವಶಪಡಿಸಿಕೊಂಡರೆ ಸಹಿ ಮಾಡಿದ ಪಟ್ಟಿ ಕೊಡಬೇಕು. ಕೆಡದ ಸರಕಾದರೆ ಕೇಳಿದ ಎರಡು ಕೆಲಸದ ದಿನಗಳೊಳಗೆ, ಕೆಡುವ ಸರಕಾದರೆ ಕೇಳಿದ ದಿನವೇ ಬಿಡುಗಡೆ ಮಾಡಬೇಕು. "ಹೂವು ಕೆಡೋ ಸರಕೇ ಅಲ್ವಾ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಕಳೆದ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಗ್ಗೆ, ಲಾರಿ ಬಂತು. ಫುಟ್‌ಪಾತ್ ಖಾಲಿ ಮಾಡಿಸುತ್ತಾ ಬಂದವರು ಅವರ ಬುಟ್ಟಿ, ತಕ್ಕಡಿ, ಪ್ಲಾಸ್ಟಿಕ್ ಸ್ಟೂಲು ಎಲ್ಲವನ್ನೂ ಎತ್ತಿ ಹಾಕಿಕೊಂಡರು. ಸಾಲ ಮಾಡಿ ತಂದ ಹಬ್ಬದ ಹೂವು. ಅವರು ಫೋನ್ ಮಾಡಿದಾಗ ನಾನು ಬಸ್ಸಿನಲ್ಲಿದ್ದೆ. "ಅಳ್ತಿಲ್ಲ, ಪಟ್ಟಿ ಕೇಳ್ತಿದೀನಿ" ಅಂದರು.

ನಾನು ಆ ಕಚೇರಿ ತಲುಪುವಷ್ಟರಲ್ಲಿ ಹನ್ನೊಂದೂವರೆ. ಅವರು ಕೌಂಟರ್ ಮುಂದೆ ನಿಂತಿದ್ದರು, ಕೈಯಲ್ಲಿ ಕಾಯ್ದೆಯ ಜೆರಾಕ್ಸ್, ನೀಲಿ ಗೆರೆಯದ್ದು. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂದರು. ಆಮೇಲೆ ಊಟಕ್ಕೆ ಹೋಗಿದ್ದಾರೆ ಅಂದರು. ಆಮೇಲೆ ಇದು ನಮ್ಮ ವಿಭಾಗಕ್ಕೆ ಬರಲ್ಲ ಅಂದರು. ಅಕ್ಕ ಒಂದೂ ಸಲ ದನಿ ಎತ್ತಲಿಲ್ಲ. ಬಂದವರಿಗೆಲ್ಲ ಅದೇ ಪುಟ ತೋರಿಸಿ "ಇವತ್ತೇ ಅಂತ ಇದೆ ಸಾರ್" ಅಂದರು. ಎರಡು ಗಂಟೆಗೆ ಒಬ್ಬ ಅಧಿಕಾರಿ ಅದನ್ನು ಕೈಗೆ ತಗೊಂಡು ಪೂರ್ತಿ ಓದಿದರು. ಆ ಕಾಯ್ದೆಯನ್ನು ಅವರು ಓದುತ್ತಿರುವುದು ಅದೇ ಮೊದಲು ಅಂತ ನನಗೆ ಅನ್ನಿಸಿತು. ಪಾಪ, ತುಟಿ ಅಲ್ಲಾಡಿಸುತ್ತಾ ಓದಿದರು. ಗೋದಾಮಿಗೆ ಫೋನ್ ಹೋಯಿತು.

ಬುಟ್ಟಿ ಬಂದಾಗ ಸಂಜೆ ಆರು ಹತ್ತು. ದಂಡ ಇಲ್ಲ, ಲಂಚ ಇಲ್ಲ, ಶಾಸಕರ ಫೋನ್ ಇಲ್ಲ. ಅಲ್ಲಿದ್ದ ಹಳೇ ಸಿಬ್ಬಂದಿಯೊಬ್ಬರು, ಹೀಗೆ ಅದೇ ದಿನ ವಾಪಸ್ ಹೋಗಿದ್ದನ್ನು ನಾನು ನೋಡಿಲ್ಲ ಅಂದರು. ಅಕ್ಕ ಬಟ್ಟೆ ಸರಿಸಿ ನೋಡಿದರು. ಗೋದಾಮಿನ ಸೆಖೆಗೆ ಮಲ್ಲಿಗೆ ಕಂದು ತಿರುಗಿತ್ತು. ಕನಕಾಂಬರ ಮುದ್ದೆಯಾಗಿತ್ತು. ಅವರು ಏನೂ ಹೇಳಲಿಲ್ಲ. ಮುಚ್ಚಿದರು.

ಗುಮಾಸ್ತರು ವಹಿ ತಿರುಗಿಸಿ ಸಹಿ ಮಾಡಿ ಅಂದರು. ಅಕ್ಕ ತಮ್ಮ ಹೆಸರು ಬರೆಯಲು ನಮ್ಮ ತರಗತಿಯಲ್ಲೇ ಕಲಿತದ್ದು, ನಿಧಾನ. ಹೆಸರು ಬರೆದರು. ಸಮಯ ಕೇಳಿ 6.10 ಅಂತ ಬರೆದರು. ವಹಿಯ ಕೊನೆಯ ಕಾಲಂ ಖಾಲಿ ಇತ್ತು. "ಇದೇನು?" ಅಂದರು. ಷರಾ ಕಾಲಂ, ಅದು ನಾವು ಬರೆಯೋದು ಅಂದರು ಗುಮಾಸ್ತರು. ಅಕ್ಕ ಪೆನ್ನು ವಾಪಸ್ ಕೊಡಲಿಲ್ಲ. ಒಂದೊಂದೇ ಅಕ್ಷರ ಜೋಡಿಸಿ ಬರೆದರು: "ಹೂವು ಬಾಡಿದೆ."